ಮಾತ್ರೆ ತಪ್ಪಿದ್ದನ್ನ ಹೇಳ್ಕೊಳ್ಳೋಕೆ ಒಂದು ಜಾಗ ಬೇಕು

ಎಚ್‌ಐವಿಗೆ ಈಗ ದಿನಕ್ಕೆ ಒಂದೇ ಮಾತ್ರೆ, ನುಂಗಿ ನೀರು ಕುಡಿದ್ರೆ ಮುಗೀತು, ಅದಕ್ಕೂ ಒಬ್ಬ ಕೌನ್ಸೆಲರ್ ಬೇಕಾ ಅಂತ ನನ್ನನ್ನ ಸುಮಾರು ಜನ ಕೇಳಿದಾರೆ, ಅದ್ರಲ್ಲಿ ಡಾಕ್ಟರುಗಳೂ ಇದಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಹೊರಗಿಂದ ನೋಡಿದ್ರೆ ನಾನು ಮಾಡೋ ಕೆಲಸ ಅಂದ್ರೆ ಒಂದು ರೂಮಲ್ಲಿ ಕೂತ್ಕೊಂಡು "ಮಾತ್ರೆ ಸರಿಯಾಗಿ ತಗೊಳ್ತಿದೀರಾ" ಅಂತ ಕೇಳೋದು, ಎದುರಿಗಿರೋರು "ಹ್ಞೂ ಮೇಡಂ" ಅನ್ನೋದು, ನಾನು ಕಾರ್ಡಲ್ಲಿ ಬರ್ಕೊಳ್ಳೋದು, ನೆಕ್ಸ್ಟ್. ಹೀಗೆ ನಡೆಯೋ ಕೌನ್ಸೆಲಿಂಗೂ ಇದೆ, ಇಲ್ಲ ಅನ್ನಲ್ಲ, ಅದ್ರಿಂದ ಯಾರ ವೈರಲ್ ಲೋಡೂ, ಅಂದ್ರೆ ರಕ್ತದಲ್ಲಿರೋ ವೈರಸ್ ಲೆಕ್ಕ, ಇಳಿಯಲ್ಲ ಅನ್ನೋದೂ ಅಷ್ಟೇ ನಿಜ. ಇಳಿಯೋ ತರದ್ದು ಹೇಗಿರುತ್ತೆ ಅಂತ ಬರೀಬೇಕು ಅನ್ಸಿ ಇವತ್ತು ಕೂತಿದೀನಿ.

ಮೊದ್ಲು ವೈರಸ್ ಕಥೆ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ಮಾತ್ರೆ ತಪ್ಪಿದ್ರೆ ಏನಾಗುತ್ತೆ ಅನ್ನೋದು ಅಲ್ಲಿಂದಲೇ ಅರ್ಥ ಆಗೋದು. ಟ್ರೀಟ್ಮೆಂಟ್ ತಗೊಳ್ದೇ ಇರೋ ಒಬ್ಬರ ದೇಹದಲ್ಲಿ ದಿನಕ್ಕೆ ಸುಮಾರು 1000 ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ವೆ. ಇದನ್ನ 1996ರಲ್ಲೇ ಲೆಕ್ಕ ಹಾಕಿ ಇಟ್ಟಿದಾರೆ. ಎಚ್‌ಐವಿ ತನ್ನ ನಕಲು ಮಾಡ್ಕೊಳ್ಳೋಕೆ ಬಳಸೋ ಎನ್‌ಜೈಮ್‌ಗೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಂತ ಅದರ ಹೆಸರು, ಮಾಡಿದ ನಕಲನ್ನ ತಿರುಗಿ ನೋಡಿ ತಿದ್ದೋ ಗುಣ ಇಲ್ಲ. ಸುಮಾರು 9,700 ಅಕ್ಷರದ ಜೀನೋಮ್, ಇಷ್ಟು ಕೋಟಿ ಸಲ ನಕಲು, ತಿದ್ದೋರು ಯಾರೂ ಇಲ್ಲ, ಹಾಗಾಗಿ ಪ್ರತಿ ದಿನ ಸ್ವಲ್ಪ ಸ್ವಲ್ಪ ಬೇರೆ ಬೇರೆ ತರದ ವೈರಸ್‌ಗಳು ಹುಟ್ತಾನೇ ಇರ್ತವೆ, ಅದ್ರಲ್ಲಿ ಯಾವುದೋ ಒಂದಕ್ಕೆ ಆಕಸ್ಮಿಕವಾಗಿ ಒಂದು ಔಷಧಿಯಿಂದ ತಪ್ಪಿಸ್ಕೊಳ್ಳೋ ಬದಲಾವಣೆ ಬಂದಿರುತ್ತೆ. ಲ್ಯಾಮಿವುಡಿನ್ ಅನ್ನೋ ಔಷಧಿಗೆ ರೆಸಿಸ್ಟೆನ್ಸ್ ಬರೋಕೆ, ಅಂದ್ರೆ ವೈರಸ್ ಮೇಲೆ ಅದು ಕೆಲಸ ಮಾಡದ ಹಾಗೆ ಆಗೋಕೆ, ಆ ಎನ್‌ಜೈಮ್‌ನ 184ನೇ ಜಾಗದಲ್ಲಿ ಒಂದೇ ಒಂದು ಬದಲಾವಣೆ ಸಾಕು. ಎಫಾವಿರೆಂಜ್, ನೆವಿರಪಿನ್‌ಗೆ 103ನೇ ಜಾಗದಲ್ಲಿ ಒಂದು.

ಇದಕ್ಕೇ ಮೂರು ಔಷಧಿ ಒಟ್ಟಿಗೆ ಕೊಡೋದು. ಮೂರರಿಂದಲೂ ಒಂದೇ ಸಲ ತಪ್ಪಿಸ್ಕೊಳ್ಳೋದು ವೈರಸ್‌ಗೆ ಕಷ್ಟ, ಮತ್ತೆ ರಕ್ತದಲ್ಲಿ ಔಷಧಿ ಪೂರ್ತಿ ಇದ್ರೆ ಅದಕ್ಕೆ ನಕಲು ಮಾಡ್ಕೊಳ್ಳೋಕೇ ಆಗಲ್ಲ, ನಕಲೇ ಇಲ್ಲ ಅಂದ್ಮೇಲೆ ತಪ್ಪೂ ಇಲ್ಲ, ರೆಸಿಸ್ಟೆನ್ಸೂ ಇಲ್ಲ. ತೊಂದ್ರೆ ಆಗೋದು ಮಧ್ಯದಲ್ಲಿ. ಎರಡು ದಿನ ತಗೊಂಡು ಮೂರು ದಿನ ಬಿಟ್ಟು, ಮತ್ತೆ ಒಂದಿನ ತಗೊಂಡು, ಹೀಗೆ ಮಾಡಿದಾಗ ವೈರಸ್ ಬೆಳೀತಾನೂ ಇರುತ್ತೆ, ಔಷಧಿ ಅರ್ಧಂಬರ್ಧ ಇರುತ್ತೆ, ಆ ಅರ್ಧ ಔಷಧಿ ಸಾಯೋ ವೈರಸ್‌ನ ಸಾಯಿಸಿ ತಪ್ಪಿಸ್ಕೊಳ್ಳೋ ವೈರಸ್‌ಗೆ ಜಾಗ ಖಾಲಿ ಮಾಡಿ ಕೊಡುತ್ತೆ. ಇನ್ನೊಂದು ಏನಂದ್ರೆ ಮೂರೂ ಔಷಧಿ ಒಂದೇ ವೇಗದಲ್ಲಿ ದೇಹದಿಂದ ಹೋಗಲ್ಲ. ಎಫಾವಿರೆಂಜ್ ಇರೋ ಮಾತ್ರೆ ತಗೊಳ್ತಿದ್ದೋರು ಸಡನ್ನಾಗಿ ನಿಲ್ಲಿಸಿದ್ರೆ ಬೇರೆ ಎರಡು ಕಮ್ಮಿ ಆದ್ಮೇಲೂ ಅದೊಂದು ದಿನಗಟ್ಟಲೆ ಉಳ್ಕೊಂಡಿರುತ್ತೆ, ಅಂದ್ರೆ ಅಷ್ಟು ದಿನ ವೈರಸ್ ಎದುರು ಒಂದೇ ಔಷಧಿ ನಿಂತಿರುತ್ತೆ.

ಬಿಟ್ರೆ ಏನಾಗುತ್ತೆ ಅಂತ ನೋಡೋಕೆ ಟ್ರಯಲ್ಲೇ ಮಾಡಿದಾರೆ. ಸ್ಮಾರ್ಟ್ ಅಂತ, 33 ದೇಶಗಳಲ್ಲಿ 5,472 ಜನ. ಸಿಡಿ4, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳ ಲೆಕ್ಕ, ಚೆನ್ನಾಗಿದ್ದಾಗ ಮಾತ್ರೆ ನಿಲ್ಸೋದು, 250ಕ್ಕಿಂತ ಕೆಳಗೆ ಹೋದಾಗ ಮತ್ತೆ ಶುರು ಮಾಡೋದು, ಒಂದು ಗುಂಪಿಗೆ ಹೀಗೆ ಮಾಡಿ ಇನ್ನೊಂದು ಗುಂಪಿಗೆ ನಿಲ್ಲಿಸದೇ ಕೊಟ್ರು. ನಿಲ್ಲಿಸಿದ ಗುಂಪಲ್ಲಿ ಕಾಯಿಲೆ, ಸಾವು ಎರಡೂ ಜಾಸ್ತಿ ಆಗಿ, ಎಚ್‌ಐವಿಗೆ ನೇರ ಸಂಬಂಧ ಇಲ್ಲದ ಹಾರ್ಟು ಕಿಡ್ನಿ ಲಿವರ್ ತೊಂದ್ರೆಗಳೂ ಜಾಸ್ತಿ ಕಂಡು, 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯ್ತು. "ಆರಾಮಾಗಿದೀನಲ್ಲ, ಒಂದೆರಡು ತಿಂಗಳು ಗ್ಯಾಪ್ ಕೊಡ್ಲಾ" ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು. ರಿಪೋರ್ಟಲ್ಲಿ ವೈರಸ್ ಕಾಣ್ತಿಲ್ಲ ಅಂದ್ರೆ ಅದು ಬೂದಿ ಮುಚ್ಚಿದ ಕೆಂಡ, ಕೆಲವು ಸಿಡಿ4 ಕಣಗಳ ಒಳಗೆ ಸುಮ್ನೆ ಮಲಗಿರುತ್ತೆ, ಮಾತ್ರೆ ನಿಲ್ಸಿದ್ರೆ ಹೆಚ್ಚಿನವರಲ್ಲಿ ಕೆಲವೇ ವಾರದಲ್ಲಿ ಎದ್ದು ಬರುತ್ತೆ.

ಇಷ್ಟೆಲ್ಲ ವಿವರ ಪೇಷೆಂಟ್‌ಗೆ ಗೊತ್ತಾದ್ರೆ ಮಾತ್ರೆ ತಪ್ಪಿಸಲ್ಲ ಅಂತ ಅನ್ಕೊಂಡ್ರೆ ಅದು ಆಗಲ್ಲ. ಸುಮಾರು ಜನಕ್ಕೆ ಇದೆಲ್ಲ ಗೊತ್ತು. ಬಾಯಿಪಾಠ ಬರುತ್ತೆ ಅವರಿಗೆ. ಗೊತ್ತಿದ್ದೂ ತಪ್ಪುತ್ತೆ, ಯಾಕೆ ತಪ್ಪುತ್ತೆ ಅನ್ನೋದು ಕೌನ್ಸೆಲಿಂಗ್ ವಿಷಯ, ಮತ್ತೆ ಅದನ್ನ ಅವರ ಬಾಯಿಂದ ಕೇಳ್ಬೇಕು ಅಂದ್ರೆ ಹೇಳಿದ್ರೆ ಬೈಯಲ್ಲ ಅಂತ ಅವರಿಗೆ ಮೊದ್ಲು ಗ್ಯಾರಂಟಿ ಆಗ್ಬೇಕು.

ಬೈದ್ರೆ ಏನಾಗುತ್ತೆ ಗೊತ್ತಾ? ಬಾಟ್ಲಿ ತಂದು ಮಾತ್ರೆ ಎಣಿಸಿ ಅಂತೀವಿ, ಪಿಲ್ ಕೌಂಟ್. ಉಳಿದ ಮಾತ್ರೆ ಜಾಸ್ತಿ ಇದ್ರೆ ಮುಖ ಗಂಟು ಹಾಕ್ಕೊಂಡು ಕ್ಲಾಸ್ ತಗೊಳ್ತೀವಿ. ಮುಂದಿನ ತಿಂಗಳು ಲೆಕ್ಕ ಪಕ್ಕಾ ಇರುತ್ತೆ, ಒಂದೂ ಜಾಸ್ತಿ ಇರಲ್ಲ, ಯಾಕಂದ್ರೆ ಉಳಿದ ಮಾತ್ರೆನೆಲ್ಲ ಬರೋ ದಾರೀಲಿ ಎಸ್ದು ಬಂದಿರ್ತಾರೆ. ಕಾರ್ಡಲ್ಲಿ ನೂರಕ್ಕೆ ನೂರು, ವೈರಲ್ ಲೋಡ್ 40 ಸಾವಿರ. ಅಪಾಯಿಂಟ್ಮೆಂಟ್ ಹತ್ರ ಬಂದಾಗ ಒಂದು ವಾರ ನಿಯತ್ತಾಗಿ ತಗೊಂಡು ಉಳಿದ ದಿನ ಹೇಗೋ ನಡೆಸೋರೂ ಇದಾರೆ. ಎಣಿಸೋದು ತಪ್ಪು ಅಂತಲ್ಲ, ಎಣಿಕೆ ಹಿಡ್ಕೊಂಡು ಏನ್ ಮಾತಾಡ್ತೀವಿ ಅನ್ನೋದ್ರ ಮೇಲೆ ಹೋಗುತ್ತೆ. ಎದುರಿಗೇ ನಿಂತು ಮಾತ್ರೆ ನುಂಗಿಸೋ ಪದ್ಧತಿ ಇದ್ಯಲ್ಲ, ಟಿಬಿಗೆ ಮಾಡ್ತಿದ್ರಲ್ಲ ಹಾಗೆ, ಅದನ್ನ ಎಚ್‌ಐವಿಗೂ ಮಾಡಿ ನೋಡಿದ ಟ್ರಯಲ್‌ಗಳನ್ನೆಲ್ಲ ಒಟ್ಟು ಹಾಕಿ 2009ರಲ್ಲಿ ಒಂದು ಪರಿಶೀಲನೆ ಬಂತು, ತಾವೇ ಮನೇಲಿ ತಗೊಳ್ಳೋರಿಗಿಂತ ಇದ್ರಲ್ಲಿ ಏನೂ ಲಾಭ ಕಾಣ್ಲಿಲ್ಲ ಅಂತ. ನನಗೆ ಅದು ಆಶ್ಚರ್ಯ ಅನ್ನಿಸ್ಲೇ ಇಲ್ಲ. ಜೀವನಪೂರ್ತಿ ಯಾರು ಎದುರಿಗೆ ನಿಂತ್ಕೋತಾರೆ?

ಅದಕ್ಕೇ ಪ್ರಶ್ನೆ ಕೇಳೋ ರೀತಿ ಬದಲಾಯಿಸ್ಬೇಕು. "ಸರಿಯಾಗಿ ತಗೊಳ್ತಿದೀರಾ" ಅನ್ನೋದಕ್ಕೆ "ಹ್ಞೂ" ಬಿಟ್ಟು ಬೇರೆ ಉತ್ತರ ಇಲ್ಲ. ನಾನು ಕೇಳೋದು, "ಎಲ್ಲರಿಗೂ ಒಂದೊಂದು ಸಲ ತಪ್ಪುತ್ತೆ, ನಿಮಗೆ ಯಾವ ಹೊತ್ತಲ್ಲಿ ಕಷ್ಟ ಆಗುತ್ತೆ?" ಅಂತ. ಆಮೇಲೆ ಸುಮ್ನೆ ಇರೋದು. ಈ ಸುಮ್ನೆ ಇರೋದೇ ನನಗೆ ಕಲಿಯೋಕೆ ಕಷ್ಟ ಆಗಿದ್ದು, ಟ್ರೈನಿಂಗಲ್ಲಿ ಸ್ಲೈಡ್ ತೋರಿಸಿ ಹೇಳಿಕೊಡೋಕೆ ಬರಲ್ಲ ಅದು.

ಒಂದು ಮಾತುಕತೆ ಹೇಳ್ತೀನಿ, ಗುರುತು ಸಿಗೋ ವಿವರ ಎಲ್ಲ ತೆಗ್ದಿದೀನಿ. ಗಾಡಿ ಓಡಿಸೋರು, ಎರಡು ಸಲ ಲೋಡ್ ಜಾಸ್ತಿ ಬಂದಿತ್ತು, ಫೈಲಲ್ಲಿ ಯಾರೋ "ನಿರ್ಲಕ್ಷ್ಯ" ಅಂತ ಬರ್ದಿಟ್ಟಿದ್ರು.

"ಯಾವ ಟೈಮಿಗೆ ತಗೊಳ್ತೀರಾ?"

"ರಾತ್ರಿ ಒಂಬತ್ತಕ್ಕೆ ಮೇಡಂ, ಕರೆಕ್ಟಾಗಿ."

"ಒಂಬತ್ತಕ್ಕೆ ದಿನಾ ಮನೇಲಿರ್ತೀರಾ?"

"ಎಲ್ಲಿ ಮೇಡಂ, ವಾರದಲ್ಲಿ ಮೂರ್ನಾಲ್ಕು ದಿನ ರೋಡಲ್ಲೇ ಇರ್ತೀನಿ."

"ಆಗ ಏನ್ ಮಾಡ್ತೀರಾ?"

"ಬರೋದು ಹನ್ನೊಂದಾಗುತ್ತೆ, ಟೈಮ್ ಮೀರಿರುತ್ತಲ್ಲ, ಆಮೇಲೆ ತಗೊಂಡ್ರೆ ಏನಾದ್ರೂ ಆಗ್ಬಿಟ್ರೆ ಅಂತ ಅವತ್ತು ಬಿಟ್ಬಿಡ್ತೀನಿ."

ನೋಡಿ. ಮನುಷ್ಯ ನಿರ್ಲಕ್ಷ್ಯ ಮಾಡ್ತಿರ್ಲಿಲ್ಲ, ನಾವು ಹೇಳಿದ್ದನ್ನ ಅಕ್ಷರ ಬಿಡದೆ ಪಾಲಿಸ್ತಿದ್ರು. ಶುರುವಲ್ಲಿ ಯಾರೋ "ಟೈಮ್ ತಪ್ಪಿಸ್ಬಾರ್ದು, ಒಂಬತ್ತು ಅಂದ್ರೆ ಒಂಬತ್ತು" ಅಂತ ಹೆದರಿಸಿ ಕಳ್ಸಿದಾರೆ, ಅವರು ಅದನ್ನ ಹಾಗೇ ತಲೇಲಿ ಇಟ್ಕೊಂಡಿದಾರೆ. ಡೋಲುಟೆಗ್ರಾವಿರ್ ಅನ್ನೋ ಎಚ್‌ಐವಿ ಔಷಧಿ ಇರೋ ಮಾತ್ರೆಗೆ ಎರಡು ಗಂಟೆ ಆಚೆ ಈಚೆ ಆದ್ರೆ ಏನೂ ಆಗಲ್ಲ, ನೆನಪಾದ ತಕ್ಷಣ ತಗೊಳ್ಳೋದು, ಮುಂದಿನ ಡೋಸ್‌ಗೆ ನಾಲ್ಕು ಗಂಟೆಗಿಂತ ಕಮ್ಮಿ ಇದ್ರೆ ಮಾತ್ರ ಅದನ್ನ ಬಿಟ್ಟು ಮುಂದಿನದ್ದನ್ನ ಟೈಮಿಗೆ ತಗೊಳ್ಳೋದು, ಎರಡು ಒಟ್ಟಿಗೆ ನುಂಗ್ಬಾರ್ದು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ತಗೊಳ್ಳೋ ಹಾಗೆ ಟೈಮ್ ಬದಲಾಯಿಸಿದ್ವಿ, ಮೂರು ತಿಂಗಳಾದ್ಮೇಲೆ ಟೆಸ್ಟ್ ಮಾಡಿದಾಗ ಲೋಡ್ 50ಕ್ಕಿಂತ ಕೆಳಗೆ. ಆದ್ರೆ ಆ ಎರಡು ನಿಮಿಷದ ಮಾತಿಗೆ ಬರೋಕೆ ಅರ್ಧ ಗಂಟೆ ಬೇರೆ ಏನೇನೋ ಮಾತಾಡ್ಬೇಕಾಯ್ತು, ಜಾಸ್ತಿ ಗಾಡಿ ವಿಷಯವೇ.

ಮಾತ್ರೆ ತಪ್ಪಿಸದೇ ಇದ್ರೂ ಲೋಡ್ ಪೂರ್ತಿ ಇಳಿಯದೇ ಇರೋದೂ ಉಂಟು. ಇನ್ನೊಬ್ರು, ಮಾತ್ರೆ ಒಂದೂ ಬಿಟ್ಟಿಲ್ಲ ಅಂತ ಆಣೆ ಮಾಡ್ತಿದ್ರು, ಲೋಡ್ ಸಾವಿರ ದಾಟ್ತಿರ್ಲಿಲ್ಲ, ಆದ್ರೆ ಕಾಣದಷ್ಟೂ ಆಗ್ತಿರ್ಲಿಲ್ಲ. ಮಾತ್ರೆ ತಗೊಳ್ಳೋವಾಗ ಬೇರೆ ಏನೇನು ತಗೊಳ್ತೀರಾ, ಮೇಜಿನ ಮೇಲೆ ಏನೇನಿದೆ ಅಂತ ಹೇಳಿ ಅಂದಾಗ ಬಂತು ನೋಡಿ, ಗ್ಯಾಸ್ಟ್ರಿಕ್‌ಗೆ ದಿನಾ ಅದರ ಜೊತೆಗೇ ಆಂಟಾಸಿಡ್. ಅದ್ರಲ್ಲಿರೋ ಅಲ್ಯೂಮಿನಿಯಂ, ಮೆಗ್ನೀಷಿಯಂ ಹೊಟ್ಟೇಲೇ ಡೋಲುಟೆಗ್ರಾವಿರ್‌ನ ಹಿಡ್ಕೊಂಡ್ಬಿಡುತ್ತೆ, ರಕ್ತಕ್ಕೆ ಹೋಗೋದೇ ಸ್ವಲ್ಪ. ಆಂಟಾಸಿಡ್‌ಗಿಂತ ಎರಡು ಗಂಟೆ ಮೊದ್ಲು ಅಥವಾ ಆರು ಗಂಟೆ ಆದ್ಮೇಲೆ ತಗೋಬೇಕು. ಕ್ಯಾಲ್ಸಿಯಂ, ಐರನ್ ಮಾತ್ರೆಗೂ ಹೀಗೇ, ಊಟದ ಜೊತೆ ಆದ್ರೆ ಒಟ್ಟಿಗೆ ತಗೋಬಹುದು, ಖಾಲಿ ಹೊಟ್ಟೇಲಿ ಆಗ್ಬಾರ್ದು. ಗರ್ಭಿಣಿಯರಿಗೆ ಐರನ್ನು ಕ್ಯಾಲ್ಸಿಯಮ್ಮು ಎರಡೂ ಇರುತ್ತಲ್ಲ, ಅವರಿಗೆ ಇದನ್ನ ಬಿಡಿಸಿ ಹೇಳ್ಲೇಬೇಕು. ಟಿಬಿಗೆ ರಿಫಾಂಪಿಸಿನ್ ಶುರು ಆದ್ರೆ ಡೋಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತೆ, ಹಾಗಾಗಿ ಬೇರೆ ಕಡೆ ಹೊಸ ಔಷಧಿ ಶುರು ಮಾಡಿದ್ರೆ ಚೀಟಿ ತಂದು ತೋರಿಸಿ.

ಆಮೇಲೆ ಕುಡಿತ. ಕುಡಿದ ದಿನ ಮಾತ್ರೆ ತಗೊಂಡ್ರೆ ವಿಷ ಆಗುತ್ತೆ ಅನ್ನೋ ನಂಬಿಕೆ ಎಷ್ಟು ಜನಕ್ಕಿದೆ ಅಂದ್ರೆ ಇದರ ಮೇಲೆ ಸಾಕಷ್ಟು ಅಧ್ಯಯನಗಳೇ ಆಗಿದಾವೆ. ಶನಿವಾರ ಕುಡಿಯೋಕಿದೆ ಅಂತ ಶನಿವಾರದ್ದು ಬಿಡ್ತಾರೆ, ಭಾನುವಾರ ಇನ್ನೂ ಇಳಿದಿಲ್ಲ ಅಂತ ಅವತ್ತೂ ಬಿಡ್ತಾರೆ. ಕುಡಿಯೋದು ಒಳ್ಳೇದು ಅಂತ ನಾನು ಹೇಳಲ್ಲ, ಲಿವರ್‌ಗೂ ಒಳ್ಳೇದಲ್ಲ ನೆನಪಿಗೂ ಒಳ್ಳೇದಲ್ಲ, ಆದ್ರೆ ಕುಡಿದ ದಿನಾನೂ ಮಾತ್ರೆ ತಗೊಳ್ಳಿ ಅಂತ ಬಾಯಿಬಿಟ್ಟು ಹೇಳ್ತೀನಿ. ಇದನ್ನ ಕೇಳಿ ಕೆಲವು ಸಹೋದ್ಯೋಗಿಗಳಿಗೆ ಕೋಪ ಬರುತ್ತೆ, ಕುಡಿಯೋಕೆ ಪರ್ಮಿಷನ್ ಕೊಟ್ಟ ಹಾಗೆ ಆಯ್ತು ಅಂತ. ಇರ್ಲಿ, "ಕುಡಿತ ಬಿಡಿ" ಅಂತ ಮಾತ್ರ ಹೇಳಿ ಕಳ್ಸಿದ್ರೆ ಅವರು ಬಿಡೋದು ಮಾತ್ರೆನೇ.

ಬಚ್ಚಿಡೋ ವಿಷಯ ಬೇರೆ. ಮನೇಲಿ ಯಾರಿಗೂ ಹೇಳಿರಲ್ಲ. ಪ್ಲಾಸ್ಟಿಕ್ ಬಾಟ್ಲೀಲಿ 30 ಮಾತ್ರೆ ಇದ್ರೆ ಬ್ಯಾಗ್ ಎತ್ತಿದಾಗೆಲ್ಲ ಗಲಗಲ ಅನ್ನುತ್ತೆ, ಆ ಶಬ್ದಕ್ಕೆ ಹೆದರಿ ಬಾಟ್ಲೀನ ಕೆಲಸದ ಜಾಗದಲ್ಲೇ ಬಿಟ್ಟು ಬರೋರಿದಾರೆ, ರಜಾ ಬಂದ್ರೆ ಎರಡು ಮೂರು ದಿನ ಮಾತ್ರೆ ಇಲ್ಲ. ಮೇಲಿನ ಖಾಲಿ ಜಾಗಕ್ಕೆ ಹತ್ತಿ ತುರುಕಿದ್ರೆ ಶಬ್ದ ಬರಲ್ಲ. ಲೇಬಲ್ ಕಿತ್ತು ಹಾಕ್ಬಹುದು. ಬಾಟ್ಲಿ ಒಳಗಿರೋ ತೇವ ಹೀರೋ ಪುಟ್ಟ ಪ್ಯಾಕೆಟ್ ಎಸೀಬಾರ್ದು, ಹಾಗಾಗಿ ಎಲ್ಲ ಮಾತ್ರೆ ಕಾಗದದಲ್ಲಿ ಕಟ್ಟಿ ಇಡೋ ಬದ್ಲು ಒಂದೆರಡು ದಿನದ್ದು ಮಾತ್ರ ಚಿಕ್ಕ ಡಬ್ಬೀಲಿ ಇಟ್ಕೊಳ್ಳಿ ಅಂತೀನಿ. ಚಿಲ್ಲರೆ ವಿಷಯ ಅನ್ಸುತ್ತೆ, ಆದ್ರೆ ಇಂಥ ಚಿಲ್ಲರೆ ವಿಷಯದಲ್ಲೇ ಲೋಡ್ ಏರೋದು ಇಳಿಯೋದು. ಹೇಳ್ಕೊಳ್ಳೋಕೆ ಮನೇಲಿ ಒಬ್ಬರಾದ್ರೂ ಇದ್ರೆ ಎಷ್ಟೋ ಸುಲಭ, ಆದ್ರೆ ಹೇಳಿದ್ರೆ ಹೊಡೆತ ಬೀಳೋ, ಮನೆಯಿಂದ ಹೊರಗೆ ಹಾಕೋ ಪರಿಸ್ಥಿತಿ ಇರೋರಿಗೆ "ಹೇಳಿಬಿಡಿ" ಅಂತ ಒತ್ತಾಯ ಮಾಡೋ ಹಕ್ಕು ನಮಗಿಲ್ಲ, ಯಾರಿಗೆ ಯಾವಾಗ ಹೇಳ್ಬೇಕು ಅನ್ನೋದು ಅವರ ತೀರ್ಮಾನ.

ಹೇಳ್ಕೊಳ್ಳೋಕೆ ಧೈರ್ಯ ಕೊಡೋ ಒಂದು ಮಾತು ಈಗ ನಮ್ಮ ಕೈಲಿದೆ. ವೈರಲ್ ಲೋಡ್ ಪತ್ತೆ ಆಗದಷ್ಟು ಇಳಿದು ಹಾಗೇ ಉಳ್ಕೊಂಡಿದ್ರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡಲ್ಲ. ಕಮ್ಮಿ ಹರಡುತ್ತೆ ಅಂತಲ್ಲ, ಹರಡಲ್ಲ. ಪಾರ್ಟ್ನರ್ ಅನ್ನೋ ಅಧ್ಯಯನದಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನ ವರ್ಷಗಟ್ಟಲೆ ನೋಡಿದ್ರು, 2016ರಲ್ಲಿ ಮೊದಲ ಹಂತ, 2019ರಲ್ಲಿ ಎರಡನೇ ಹಂತದ ಫಲಿತಾಂಶ ಬಂತು, ಕಾಂಡೋಮ್ ಇಲ್ದೆ ಸಾವಿರಾರು ಸಲ ಸಂಪರ್ಕ ಆಗಿದ್ರೂ ಲೋಡ್ ಇಳಿದಿದ್ದ ಸಂಗಾತಿಯಿಂದ ಒಂದೂ ಸೋಂಕು ಹರಡಿರ್ಲಿಲ್ಲ. ಈ ಮಾತು ಕೇಳಿದ ತಕ್ಷಣ ಎದುರಿಗಿರೋರ ಭುಜ ಒಂದಿಂಚು ಕೆಳಗಿಳಿಯೋದು ಕಾಣುತ್ತೆ. ಸಾಯ್ತೀರಾ ಅಂತ ಹೆದರಿಸಿದಾಗ ಮಾತ್ರೆ ತಗೊಳ್ಳದೇ ಇದ್ದೋರು ಇದನ್ನ ಕೇಳಿದ ಮೇಲೆ ನೆಟ್ಟಗೆ ತಗೊಂಡಿದ್ದು ನೋಡಿದೀನಿ. ಆದ್ರೂ ಕೆಲವು ಕಡೆ ಇದನ್ನ ಪೇಷೆಂಟ್‌ಗೆ ಹೇಳೋಕೆ ಹಿಂದೇಟು ಹಾಕ್ತಾರೆ, ಹೇಳಿದ್ರೆ ಹಾಳಾಗ್ತಾರೆ ಅಂತ, ಯಾಕೋ ನನಗೆ ಅರ್ಥ ಆಗಲ್ಲ.

ಮಕ್ಕಳ ಬಗ್ಗೆ ಬರೆದ್ರೆ ಅದೇ ಒಂದು ಪೋಸ್ಟ್ ಆಗುತ್ತೆ. ಹುಟ್ಟಿನಿಂದ ಸೋಂಕು ಇರೋ ಮಗೂಗೆ ಶಕ್ತಿ ಮಾತ್ರೆ ಅಂತ ಸುಳ್ಳು ಹೇಳಿ ಕೊಡ್ತಿರ್ತಾರೆ, ಹದಿಮೂರು ಹದಿನಾಲ್ಕಕ್ಕೆ ಅದು ತಾನೇ ಕಂಡು ಹಿಡಿಯುತ್ತೆ, ಅವತ್ತಿಂದ ಮಾತ್ರೆ ಕಿಟಕಿ ಆಚೆ. ಶಾಲೆಗೆ ಹೋಗೋ ವಯಸ್ಸಲ್ಲೇ, ಮಗೂಗೆ ಅರ್ಥ ಆಗೋ ಹಾಗೆ ಸ್ವಲ್ಪ ಸ್ವಲ್ಪವಾಗಿ ಹೇಳ್ತಾ ಬನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ.

ಲೋಡ್ 1,000 ದಾಟಿದ್ರೆ ಸಾಮಾನ್ಯವಾಗಿ ಮಾಡೋದು ಇದು: ತಕ್ಷಣ ಔಷಧಿ ಬದಲಾಯಿಸಲ್ಲ, ತಿಂಗಳಿಗೊಂದರ ಹಾಗೆ ವಿಶೇಷ ಕೌನ್ಸೆಲಿಂಗ್ ಮಾಡಿ ಮೂರು ತಿಂಗಳಾದ್ಮೇಲೆ ಮತ್ತೆ ಟೆಸ್ಟ್ ಮಾಡ್ತಾರೆ. ಅದ್ರಲ್ಲಿ ಎಷ್ಟು ಜನಕ್ಕೆ ಇಳಿಯುತ್ತೆ? 2013ರ ಒಂದು ಪರಿಶೀಲನೆಯಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ ಅಂತ ಬಂತು, 2019ರಲ್ಲಿ ಇನ್ನೂ ಜಾಸ್ತಿ ಅಧ್ಯಯನಗಳನ್ನ ಸೇರಿಸಿ ನೋಡಿದಾಗ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಜನಕ್ಕೆ ಅಂತ ಬಂತು. ಎರಡನೇ ಸಂಖ್ಯೆನ ನಾನು ಮುಚ್ಚಿಡಲ್ಲ. ಕೌನ್ಸೆಲಿಂಗ್ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋದು ಸುಳ್ಳು, ಕೆಲವರಿಗೆ ಅಷ್ಟರಲ್ಲೇ ರೆಸಿಸ್ಟೆನ್ಸ್ ಬಂದಿರುತ್ತೆ, ಅವರನ್ನ ಇನ್ನೂ ಮೂರು ತಿಂಗಳು "ಸರಿಯಾಗಿ ತಗೊಳ್ಳಿ" ಅಂತ ಕೂರಿಸ್ಕೊಂಡ್ರೆ ನಾವೇ ಅವರಿಗೆ ಅನ್ಯಾಯ ಮಾಡಿದ ಹಾಗೆ. ಡೋಲುಟೆಗ್ರಾವಿರ್‌ಗೆ ರೆಸಿಸ್ಟೆನ್ಸ್ ಬರೋದು ಕಷ್ಟ, ಹಾಗಾಗಿ ಅದ್ರಲ್ಲಿದ್ದೂ ಲೋಡ್ ಜಾಸ್ತಿ ಬಂದ್ರೆ ಮೊದಲ ಅನುಮಾನ ಮಾತ್ರೆ ತಪ್ಪಿರೋದ್ರ ಮೇಲೇ ಹೋಗುತ್ತೆ, ಆದ್ರೆ ಬರೋದೇ ಇಲ್ಲ ಅಂತೇನಿಲ್ಲ.

ದೊಡ್ಡ ದೊಡ್ಡ ಸೆಷನ್ನೇ ಬೇಕು ಅಂತಾನೂ ಇಲ್ಲ. ಕೀನ್ಯಾದಲ್ಲಿ 538 ಜನರ ಮೇಲೆ ಒಂದು ಟ್ರಯಲ್ ಮಾಡಿದ್ರು, 2010ರಲ್ಲಿ ಪ್ರಕಟ ಆಯ್ತು. ವಾರಕ್ಕೊಂದು ಎಸ್‌ಎಂಎಸ್, ಅದ್ರಲ್ಲಿ "ಮಾಂಬೋ?" ಅಂತ ಅಷ್ಟೇ, ಸ್ವಾಹಿಲಿಯಲ್ಲಿ ಹೇಗಿದೀರಾ ಅಂತ. ಆರಾಮಿದ್ರೆ "ಸಾವಾ", ತೊಂದ್ರೆ ಇದ್ರೆ "ಶಿಡಾ" ಅಂತ ವಾಪಸ್ ಕಳ್ಸಬೇಕು, ಶಿಡಾ ಅಂದೋರಿಗೆ ನರ್ಸ್ ಫೋನ್ ಮಾಡ್ತಿದ್ರು. ಎಸ್‌ಎಂಎಸ್ ಹೋದ ಗುಂಪಲ್ಲಿ ನೂರಕ್ಕೆ 57 ಜನಕ್ಕೆ ಲೋಡ್ ಇಳಿದಿತ್ತು, ಹೋಗದ ಗುಂಪಲ್ಲಿ 48. ಮಾತ್ರೆ ತಗೊಂಡ್ರಾ ಅಂತ ಮೆಸೇಜಲ್ಲಿ ಎಲ್ಲೂ ಕೇಳಿಲ್ಲ ಅನ್ನೋದು ನನಗೆ ತುಂಬಾ ಇಷ್ಟ ಆಗಿದ್ದು.

ಈಗ ಎರಡು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆ, ಕ್ಯಾಬೊಟೆಗ್ರಾವಿರ್ ಜೊತೆ ರಿಲ್ಪಿವಿರಿನ್. ಮಾತ್ರೆ ತಗೊಳ್ಳೋಕೆ ಕಷ್ಟ ಪಡೋರ ಮೇಲೇ ಲ್ಯಾಟಿಟ್ಯೂಡ್ ಅಂತ ಒಂದು ಟ್ರಯಲ್ ಮಾಡಿದ್ರು, ಅದ್ರಲ್ಲಿ ತಿಂಗಳಿಗೊಂದು ಇಂಜೆಕ್ಷನ್, ಮಾತ್ರೆಗಿಂತ ಅದೇ ಮೇಲು ಅಂತ 2024ರಲ್ಲಿ ಗೊತ್ತಾಯ್ತು. ಬಾಟ್ಲಿ ಇಲ್ಲ, ಶಬ್ದ ಇಲ್ಲ, ಬಚ್ಚಿಡೋದಿಲ್ಲ. ಹಾಗಾದ್ರೆ ನಿನ್ನ ಕೆಲಸ ಹೋಯ್ತು ಅಂತ ಫ್ರೆಂಡ್ ಒಬ್ಬಳು ರೇಗಿಸಿದ್ಲು. ಹೋಗ್ಲಿ, ಸಂತೋಷ. ಆದ್ರೆ ಆ ಟ್ರಯಲ್ಲಲ್ಲೂ ಇಂಜೆಕ್ಷನ್‌ಗೆ ಮೊದ್ಲು ಮಾತ್ರೆಯಿಂದಲೇ ಲೋಡ್ ಇಳಿಸ್ಕೋಬೇಕಿತ್ತು, ಅದಕ್ಕೆ ಜನಕ್ಕೆ ಸಾಕಷ್ಟು ಸಪೋರ್ಟ್ ಕೊಟ್ಟಿದಾರೆ. ಮತ್ತೆ ಎರಡು ತಿಂಗಳಿಗೊಂದು ಇಂಜೆಕ್ಷನ್ ಅಂದ್ರೆ ಹೇಳಿದ ಡೇಟಿಗೆ ಒಂದು ವಾರ ಹಿಂದೆ ಮುಂದೆ ಅಷ್ಟೇ ಅವಕಾಶ, ಅರ್ಧಕ್ಕೆ ಬಿಟ್ರೆ ಔಷಧಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕಮ್ಮಿ ಆಗ್ತಾ ದೇಹದಲ್ಲಿ ಉಳಿಯುತ್ತೆ, ರೆಸಿಸ್ಟೆನ್ಸ್‌ಗೆ ಅದು ಒಳ್ಳೇ ಅವಕಾಶ. ಆ ಗಾಡಿ ಓಡಿಸೋರು ಮುಂದೊಂದು ದಿನ ಇಂಜೆಕ್ಷನ್‌ಗೆ ಹೋದ್ರೂ ನಾನು ಅವರನ್ನ ಕೂರಿಸ್ಕೊಂಡು ಮುಂದಿನ ಡೇಟ್ ಹತ್ರ ಲಾಂಗ್ ಟ್ರಿಪ್ ಏನಾದ್ರೂ ಇದ್ಯಾ ಅಂತ ಕೇಳ್ಬೇಕಾಗುತ್ತೆ, ಅವರು "ಇಲ್ಲ ಮೇಡಂ" ಅಂದ್ರೆ ಇನ್ನೊಂದು ಸ್ವಲ್ಪ ಹೊತ್ತು ಸುಮ್ನೆ ಇರ್ಬೇಕಾಗುತ್ತೆ.